ನೇತ್ರಾಣಿಯಲ್ಲಿ ಮುಳುಗುವ ಮುನ್ನ ಘಟ್ಟ ಹತ್ತುವ ಲೆಕ್ಕ

ಬೆಳಗಿನ ಜಾವ ಮೂರಕ್ಕೆ ಸಾಗರ ಬಿಡುವುದು, ಜೋಗ ದಾಟಿ ಗೇರುಸೊಪ್ಪೆ ಘಾಟಿ ಇಳಿದು ಏಳರೊಳಗೆ ಮುರ್ಡೇಶ್ವರ ಸೇರುವುದು, ಮಧ್ಯಾಹ್ನದವರೆಗೆ ಸಮುದ್ರ, ರಾತ್ರಿ ಊಟಕ್ಕೆ ಮನೆ. ಮುರ್ಡೇಶ್ವರದಾಚೆ ಕಡಲಲ್ಲಿರುವ ನೇತ್ರಾಣಿ ದ್ವೀಪಕ್ಕೆ ಮೊದಲ ಸಲ ಸ್ಕೂಬಾ ಡೈವಿಂಗಿಗೆ, ಅಂದರೆ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ನೀರಲ್ಲಿ ಮುಳುಗುವುದಕ್ಕೆ, ಹೊರಟಾಗ ನಾವು ನಾಲ್ವರು ಹಾಕಿಕೊಂಡಿದ್ದ ಯೋಜನೆ ಇದು. ದೋಣಿ ಹತ್ತುವ ಮೊದಲು ತರಬೇತುದಾರರು ಕೇಳಿದ ಮೊದಲ ಪ್ರಶ್ನೆ ‘ಈಜು ಬರುತ್ತಾ’ ಅಂತಲ್ಲ, ‘ರಾತ್ರಿ ಎಲ್ಲಿ ಮಲಗ್ತೀರಿ?’ ಅಂತ. ಸಾಗರ ಅಂದೆವು. ಅವರು ನಮ್ಮ ಎರಡನೇ ಡೈವ್ ರದ್ದು ಮಾಡಿ, ಮೊದಲನೆಯದನ್ನೂ ಹತ್ತು ಮೀಟರಿಗೆ ನಿಲ್ಲಿಸಿದರು. ದುಡ್ಡು ಕೊಟ್ಟವರು ನಾವು, ಮುಖ ಊದಿಸಿಕೊಂಡೆವು. ಅರ್ಥವಾದದ್ದು ಆಮೇಲೆ.

ಹಾಗಾಗಿ ಈ ಯೋಜನೆಯನ್ನು ಹಿಂದಿನಿಂದ ಮುಂದಕ್ಕೆ ಬರೆದುಕೊಳ್ಳಿ.

ಮೊದಲು: ವಾಪಸ್ ಬರುವ ಹೊತ್ತು

ಬೆನ್ನಿಗೆ ಕಟ್ಟುವುದನ್ನು ಎಲ್ಲರೂ ಆಕ್ಸಿಜನ್ ಸಿಲಿಂಡರ್ ಅನ್ನುತ್ತಾರೆ. ಅದರಲ್ಲಿ ಇರುವುದು ನಾವು ಈಗ ಉಸಿರಾಡುತ್ತಿರುವ ಗಾಳಿಯೇ. ಅದರಲ್ಲಿ ನೂರಕ್ಕೆ ಸುಮಾರು 78 ಭಾಗ ನೈಟ್ರೋಜನ್. ಸಮುದ್ರದಲ್ಲಿ ಪ್ರತಿ ಹತ್ತು ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. ಒತ್ತಡ ಏರಿದಷ್ಟೂ ನೈಟ್ರೋಜನ್ ರಕ್ತ, ಮಾಂಸಖಂಡಗಳಲ್ಲಿ ಕರಗುತ್ತದೆ. ನಿಧಾನವಾಗಿ ಮೇಲೆ ಬಂದರೆ ಉಸಿರಿನ ಜೊತೆ ಹೊರಗೆ ಹೋಗುತ್ತದೆ. ಅವಸರ ಮಾಡಿದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ ಗುಳ್ಳೆ ಏಳುತ್ತದೆ. ದಡಕ್ಕೆ ಬಂದ ಮೇಲೂ ಗಂಟೆಗಟ್ಟಲೆ ಸ್ವಲ್ಪ ನೈಟ್ರೋಜನ್ ಮೈಯಲ್ಲಿ ಉಳಿದಿರುತ್ತದೆ, ಆಗಲೇ ಬೆಟ್ಟ ಹತ್ತಿದರೆ ಸುತ್ತಲಿನ ಒತ್ತಡ ಇನ್ನೂ ಇಳಿದು ಅದೂ ಗುಳ್ಳೆಯಾಗಬಹುದು. ಆ ಗುಳ್ಳೆ ಕೀಲಿಗೆ, ಬೆನ್ನುಹುರಿಗೆ ಪೆಟ್ಟು ಕೊಡುತ್ತದೆ.

ಕರಾವಳಿಯವರಿಗೆ ಈ ತಲೆಬಿಸಿ ಇಲ್ಲ. ಶಿವಮೊಗ್ಗ, ಸಾಗರಗಳು ಸಮುದ್ರ ಮಟ್ಟದಿಂದ 550–600 ಮೀಟರ್ ಆಸುಪಾಸಿನಲ್ಲಿವೆ. ಡೈವಿಂಗ್ ಲೆಕ್ಕದಲ್ಲಿ 300 ಮೀಟರ್ ದಾಟಿದರೇ ‘ಎತ್ತರದ ಜಾಗ’. ವಿಮಾನ ಹತ್ತುವವರಿಗೆ ಹೇಳುವ ನಿಯಮ ಹೀಗಿದೆ: ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಎರಡೋ ಹೆಚ್ಚೋ ಆಗಿದ್ದರೆ 18 ಗಂಟೆ ಕಾಯಬೇಕು. ಘಟ್ಟ ವಿಮಾನವಲ್ಲ, ನಿಜ. ನಮ್ಮ ಎತ್ತರಕ್ಕೆ ಒತ್ತಡ ಇಳಿಯುವುದು ನೂರಕ್ಕೆ ಆರೇಳು ಭಾಗ ಅಷ್ಟೆ. ಆದರೂ ನಾನು ವಿಮಾನದ ಲೆಕ್ಕವನ್ನೇ ಹಿಡಿಯುತ್ತೇನೆ. ಒಂದು ರಾತ್ರಿಯ ರೂಮ್ ಬಾಡಿಗೆ ಉಳಿಸಲು ಹೋಗಿ ಬೆನ್ನುಹುರಿಯ ಮೇಲೆ ಪ್ರಯೋಗ ಮಾಡುವುದು ಬೇಡ. ‘ಹೇಗೂ ಬಂದಿದ್ದೀವಿ, ಕೊಲ್ಲೂರಿಗೆ ಹೋಗಿ ಕೊಡಚಾದ್ರಿ ಹತ್ತಿ ಬರೋಣ’ ಅನ್ನುವವರು ಗುಂಪಿಗೊಬ್ಬರು ಇದ್ದೇ ಇರುತ್ತಾರೆ. ಕೊಡಚಾದ್ರಿ 1343 ಮೀಟರ್. ಡೈವ್ ಆದ ದಿನ ಅವರ ಮಾತು ಕೇಳಬೇಡಿ.

ದಿನ ಗೊತ್ತುಮಾಡುವುದು

ಮಳೆಗಾಲದಲ್ಲಿ ನೇತ್ರಾಣಿ ಬಂದ್. ಅಕ್ಟೋಬರ್‌ನಿಂದ ಮೇ ಮಧ್ಯದವರೆಗೆ ದೋಣಿ ಹೋಗುತ್ತವೆ. ಅಡಿಕೆ ಕೊಯ್ಲು ಮುಗಿಸಿ ಹೊರಡುವವರಿಗೆ ಜನವರಿ, ಫೆಬ್ರವರಿ ಅನುಕೂಲ. ದಿನ ಹುಡುಕುವಾಗ ಗೋಡೆಯ ಪಂಚಾಂಗ ನೋಡಿ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಉಬ್ಬರ-ಇಳಿತ ಜೋರಾಗಿ ಸೆಳೆತವೂ ಹೆಚ್ಚುತ್ತದೆ. ಅಷ್ಟಮಿಯ ಹತ್ತಿರ ನೀರು ಸೌಮ್ಯ. ಹೊರಡುವ ಎರಡು ದಿನ ಮೊದಲು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುವ ಅಲೆಯ ಮುನ್ಸೂಚನೆ ನೋಡಿಕೊಳ್ಳಿ. ಬೆಳಗಿನ ದೋಣಿಯನ್ನೇ ಹಿಡಿಯಿರಿ. ಮಧ್ಯಾಹ್ನವಾದರೆ ಕಡಲಗಾಳಿ ಎದ್ದು, ವಾಪಸ್ ಬರುವಾಗ ಹೊಟ್ಟೆಯಲ್ಲಿ ಇದ್ದದ್ದೆಲ್ಲ ಹೊರಗೆ.

ನೆಗಡಿ ಇದ್ದರೆ ಮುಂದೂಡಿ. ಘಾಟಿ ಇಳಿಯುವಾಗ ಕಿವಿ ಕಟ್ಟುತ್ತದಲ್ಲ? ಇಡೀ ಗೇರುಸೊಪ್ಪೆ ಘಾಟಿ ಇಳಿದರೆ ಕಿವಿಯ ಮೇಲೆ ಏರುವ ಒತ್ತಡ ನೀರಿನಲ್ಲಿ ಎರಡು ಅಡಿ ಚಿಲ್ಲರೆ ಇಳಿದದ್ದಕ್ಕೆ ಸಮ. ಹಾಗಿದ್ದರೆ ಹತ್ತು ಮೀಟರಿನಲ್ಲಿ ಏನಾದೀತು ಎಂದು ನೀವೇ ಊಹಿಸಿ. ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸುವುದನ್ನು ಮನೆಯಲ್ಲೇ ರೂಢಿ ಮಾಡಿಕೊಳ್ಳಿ. ನೀರಲ್ಲಿ ನೋವು ಶುರುವಾಗುವ ಮೊದಲೇ ಅದನ್ನು ಮಾಡಬೇಕು. ಅಸ್ತಮಾ, ಹೃದಯದ ತೊಂದರೆ ಇದ್ದವರು ಡಾಕ್ಟರ್ ಚೀಟಿ ಇಲ್ಲದೆ ಹೊರಡಲೇಬಾರದು.

ದಡ, ಕಯಾಕ್, ಹಡಗು: ಯಾವುದು ಎಲ್ಲಿ

ದಡದಿಂದಲೇ ನಡೆದು ನೀರಿಗಿಳಿಯುವ ಡೈವ್ ಅಗ್ಗ, ಸಲೀಸು. ಆದರೆ ಮುರ್ಡೇಶ್ವರದ ಮರಳು ದಂಡೆಯಲ್ಲಿ ಅದು ಉಪಯೋಗಕ್ಕೆ ಬಾರದು. ಅಲೆ ಮರಳು ಕಲಕಿ ಕೈಯೇ ಕಾಣದು. ಅಂಡಮಾನಿನ ಸ್ವರಾಜ್ ದ್ವೀಪದಂಥ ಕಡೆ ಹವಳ ದಡಕ್ಕೆ ಹತ್ತಿರವಿರುವುದರಿಂದ ಅಲ್ಲಿ ಚೆನ್ನಾಗಿ ನಡೆಯುತ್ತದೆ. ಎಲ್ಲಿ ಮಾಡಿದರೂ ಸೂತ್ರ ಒಂದೇ: ಇಳಿಯುವ ಮೊದಲು ಹತ್ತುವ ಜಾಗ ಗುರುತಿಸಿ, ಹೋಗುವಾಗ ಸೆಳೆತಕ್ಕೆ ಎದುರಾಗಿ ಹೋಗಿ, ದಣಿದು ಬರುವಾಗ ಅದೇ ಸೆಳೆತ ತಂದು ಬಿಡಲಿ. ಹೊಳೆಯಲ್ಲಿ ಈಜು ಕಲಿತವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ನೇತ್ರಾಣಿ ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿದೆ. ಸುತ್ತ ಕಡಿದಾದ ಬಂಡೆ. ನೌಕಾಪಡೆ ಹಿಂದೆ ಈ ದ್ವೀಪವನ್ನೇ ಗುರಿಯಾಗಿಟ್ಟು ಶೆಲ್ ಹೊಡೆದು ಅಭ್ಯಾಸ ಮಾಡುತ್ತಿತ್ತು. ಆದ್ದರಿಂದ ದ್ವೀಪ ಹತ್ತುವ ಮಾತೇ ಇಲ್ಲ, ನೀರಿನ ತಳದಲ್ಲಿ ಕಂಡ ಕಬ್ಬಿಣದ ತುಂಡನ್ನೂ ಮುಟ್ಟಬಾರದು. ದೋಣಿಯಿಂದಲೇ ಇಳಿದು ದೋಣಿಗೇ ಹತ್ತುವುದು. ಹವಳ ಮುರಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

19 ಕಿ.ಮೀ. ತೆರೆದ ಸಮುದ್ರವನ್ನು ಕಯಾಕಿನಲ್ಲಿ, ಅಂದರೆ ಹುಟ್ಟು ಹಾಕುವ ಪುಟ್ಟ ದೋಣಿಯಲ್ಲಿ, ದಾಟುವುದು ಹುಚ್ಚುತನ. ಕಯಾಕ್ ಡೈವ್ ಏನಿದ್ದರೂ ದಡಕ್ಕೆ ಹತ್ತಿರದ, ಗಾಳಿಗೆ ಮರೆಯಾದ ಕಡೆಗೆ. ಅದರ ಪಟ್ಟು ಗೊತ್ತಿದ್ದರೆ ಸಾಕು: ಮೇಲೆ ಕೂರುವ ಬಗೆಯ ಅಗಲ ಕಯಾಕ್, ಹಗ್ಗ ಕಟ್ಟದ ಒಂದೂ ಸಾಮಾನು ಇರಬಾರದು, ಲಂಗರು ಬೇಕು, ಕೆಳಗೆ ಜನ ಮುಳುಗಿದ್ದಾರೆಂದು ತೋರಿಸುವ ಬಾವುಟ ಬೇಕು. ಸಿಲಿಂಡರ್ ಕಟ್ಟಿದ ಜಾಕೆಟ್ಟಿಗೆ ಗಾಳಿ ತುಂಬಿ ಮೊದಲು ನೀರಿಗೆ ಬಿಟ್ಟು, ಆಮೇಲೆ ತಾನಿಳಿದು ತೊಟ್ಟುಕೊಳ್ಳುವುದು. ಹತ್ತುವಾಗ ಇದೇ ತಿರುಗಾ ಮುರುಗಾ. ಕಯಾಕಿನಲ್ಲಿ ಒಬ್ಬರು ಉಳಿದಿರಲೇಬೇಕು. ಖಾಲಿ ಕಯಾಕ್ ಗಾಳಿಗೆ ತರಗೆಲೆಯಂತೆ ಹೋಗಿಬಿಡುತ್ತದೆ.

ಹುಟ್ಟು ಹಾಕುವ ಅಭ್ಯಾಸಕ್ಕೆ ನಮಗೆ ಹೊನ್ನೆಮರಡು ಇದೆ. ತಾಳಗುಪ್ಪದ ಹತ್ತಿರ, ಶರಾವತಿ ಹಿನ್ನೀರು. ಮಗುಚಿದ ಕಯಾಕನ್ನು ನೀರಲ್ಲೇ ನೆಟ್ಟಗೆ ಮಾಡಿ ಮತ್ತೆ ಹತ್ತುವುದನ್ನು ಅಲ್ಲಿ ಲೈಫ್ ಜಾಕೆಟ್ ತೊಟ್ಟೇ ಹತ್ತು ಸಲ ಮಾಡಿ. ಆದರೆ ಹಿನ್ನೀರಲ್ಲಿ ಸಿಲಿಂಡರ್ ಕಟ್ಟಿ ಮುಳುಗುವ ಆಸೆ ಬೇಡ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಮುಳುಗಿದ ಕಾಡಿನ ಬೊಡ್ಡೆಗಳು ಇನ್ನೂ ನಿಂತಿವೆ, ಜೊತೆಗೆ ಮೀನಿನ ಬಲೆಗಳು. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ತಲೆ ಎತ್ತುವ ಹಿರೇಭಾಸ್ಕರ ಅಣೆಕಟ್ಟನ್ನು ನೋಡಿ ‘ಇದರೊಳಗೆ ನುಗ್ಗಿದರೆ’ ಅಂತ ನನಗೂ ಅನಿಸಿತ್ತು. ದಡದಲ್ಲಿ ನಿಂತು ನೋಡಿದ್ದೇ ಸಾಕಾಯಿತು.

ಮುಳುಗಿದ ಹಡಗೇ ಬೇಕೆಂದರೆ ಗೋವಾಕ್ಕೆ ಹೋಗಿ. ಅಲ್ಲಿನ ಗ್ರಾಂದೆ ದ್ವೀಪದ ಬಳಿ ‘ಸೂಝೀಸ್ ರೆಕ್’ ಎಂಬ ಹಳೆಯ ಹಡಗಿದೆ. ಹೊರಗಿನಿಂದ ಸುತ್ತು ಹಾಕಿ ಬರುವುದಷ್ಟೇ ನಮ್ಮ ಕೆಲಸ. ಒಳಗೆ ಹೋಗುವುದಕ್ಕೆ ಬೇರೆಯೇ ತರಬೇತಿ ಬೇಕು; ಹಾಗೆ ಹೋಗುವವರ ಗಾಳಿಯ ಲೆಕ್ಕವೂ ಬೇರೆ. ಗಾಳಿಯಲ್ಲಿ ಮೂರನೇ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಒಂದು ಪಾಲು ಮುಟ್ಟದೆ ಇಡಲು. ಹಡಗಿನ ಸುತ್ತ ಹರಿದ ಬಲೆ ಸಿಕ್ಕಿಕೊಂಡಿರುವುದು ಮಾಮೂಲು, ಸೊಂಟದಲ್ಲಿ ಚಿಕ್ಕ ಚಾಕು ಇರಲಿ.

ಗಾಳಿಯ ಲೆಕ್ಕ

ಸಾಮಾನ್ಯ ಅಲ್ಯೂಮಿನಿಯಂ ಸಿಲಿಂಡರ್ ಸುಮಾರು 11 ಲೀಟರಿನದು. 200 ಬಾರ್ ಒತ್ತಡಕ್ಕೆ ತುಂಬಿದರೆ 2200 ಲೀಟರ್ ಗಾಳಿ. 50 ಬಾರ್, ಅಂದರೆ 550 ಲೀಟರ್, ಆಪತ್ತಿಗೆ ಎಂದು ಎತ್ತಿಡಿ. ಉಳಿದದ್ದು 1650. ಮೇಲೆ ನಿಮಿಷಕ್ಕೆ 20 ಲೀಟರ್ ಎಳೆಯುವವನು 20 ಮೀಟರಿನಲ್ಲಿ ಮೂರು ಪಟ್ಟು, 60 ಲೀಟರ್ ಎಳೆಯುತ್ತಾನೆ. ಅಲ್ಲಿಗೆ 27 ನಿಮಿಷ. ಹೊಸಬರು ಗಾಬರಿಗೆ ಇನ್ನೂ ಹೆಚ್ಚು ಎಳೆಯುತ್ತಾರೆ, ಅವರಿಗೆ 20 ನಿಮಿಷ ಹಿಡಿಯಿರಿ. ಜೋಡಿಯಲ್ಲಿ ಯಾರ ಗಾಳಿ ಮೊದಲು ಮುಗಿಯುವುದೋ ಅವರದೇ ಇಬ್ಬರ ಲೆಕ್ಕ.

ಗಾಳಿ ಇದ್ದ ಮಾತ್ರಕ್ಕೆ ಕೆಳಗೇ ಇರುವಂತಿಲ್ಲ, ಮೈಗೆ ಸೇರುವ ನೈಟ್ರೋಜನ್‌ಗೂ ಮಿತಿ ಇದೆ. ಬಹಳ ಕಡೆ ಬಳಸುವ ಕೋಷ್ಟಕದ ಪ್ರಕಾರ ಮೊದಲ ಡೈವಿಗೆ 18 ಮೀಟರಿನಲ್ಲಿ 56 ನಿಮಿಷ, 30 ಮೀಟರಿನಲ್ಲಿ ಬರೀ 20 ನಿಮಿಷ. ಮೊದಲ ಹಂತದ ಸರ್ಟಿಫಿಕೇಟಿಗೆ 18 ಮೀಟರೇ ಗಡಿ. ಸರ್ಟಿಫಿಕೇಟ್ ಇಲ್ಲದೆ ತರಬೇತುದಾರರ ಕೈಹಿಡಿದು ಇಳಿಯುವವರಿಗೆ 12. ಮೇಲೆ ಬರುವಾಗ ನಿಮಿಷಕ್ಕೆ 9 ಮೀಟರ್ ಮೀರಬೇಡಿ, 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಿ. ಉಸಿರು ಕಟ್ಟಿಕೊಂಡು ಮಾತ್ರ ಎಂದೂ ಏರಬೇಡಿ, ಶ್ವಾಸಕೋಶ ಹರಿದೀತು.

ಈಗ ನಮ್ಮ ವೇಳಾಪಟ್ಟಿ

ಶುಕ್ರವಾರ ಸಂಜೆ ಘಟ್ಟ ಇಳಿದು ಮುರ್ಡೇಶ್ವರದಲ್ಲಿ ತಂಗುವುದು. ಶನಿವಾರ ಬೆಳಿಗ್ಗೆ ಎರಡು ಡೈವ್, ಆಳದ್ದು ಮೊದಲು. ಮಧ್ಯಾಹ್ನ ಊಟ, ನಿದ್ದೆ. ಆ ದಿನ ಮೈ ದಣಿಸುವ ಕೆಲಸವೂ ಬೇಡ, ಎಣ್ಣೆಯೂ ಬೇಡ. ಭಾನುವಾರ ಬೆಳಿಗ್ಗೆ ಹೊನ್ನಾವರದಲ್ಲಿ ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಮೆಲ್ಲಗೆ ಕಯಾಕ್. ಜೋಗದಲ್ಲಿ ಧುಮುಕಿದ ನಮ್ಮೂರಿನ ನೀರೇ ಅದು. ಮಧ್ಯಾಹ್ನ ಎರಡರ ಮೇಲೆ ಘಾಟಿ ಹತ್ತಿದರೆ 24 ಗಂಟೆಗೂ ಹೆಚ್ಚು ಕಾದಂತಾಯಿತು.

ದೋಣಿಗೆ ದುಡ್ಡು ಕಟ್ಟುವ ಮೊದಲು ಎರಡು ಪ್ರಶ್ನೆ ಕೇಳಿ: ದೋಣಿಯಲ್ಲಿ ಆಕ್ಸಿಜನ್ ಕಿಟ್ ಇದೆಯೇ, ಅವಘಡವಾದರೆ ಮೈಯೊಳಗಿನ ಗುಳ್ಳೆ ಕರಗಿಸುವ ಒತ್ತಡದ ಚೇಂಬರ್ ಇರುವ ಯಾವ ಆಸ್ಪತ್ರೆಗೆ ಒಯ್ಯುತ್ತೀರಿ. ಉತ್ತರ ತಡವರಿಸಿದರೆ ಬೇರೆಯವರನ್ನು ನೋಡಿ.

ಪ್ರತಿ ಡೈವಿನ ಆಳ, ನಿಮಿಷ, ಮೇಲೆ ಬಂದ ಗಂಟೆ ಬರೆದ ಚೀಟಿ ಎರಡು ದಿನ ಜೇಬಿನಲ್ಲಿರಲಿ. ಮನೆಗೆ ಬಂದ ಮೇಲೆ ಕೀಲು ನೋವು, ಜೋಮು, ವಿಪರೀತ ಸುಸ್ತು, ಚರ್ಮದ ಮೇಲೆ ಕಲೆ ಕಂಡರೆ ಆಸ್ಪತ್ರೆಯಲ್ಲಿ ಮೊದಲು ಆ ಚೀಟಿ ಕೊಡಿ. ನಮ್ಮ ಕಡೆ ಭುಜ ನೋವು ಎಂದರೆ ಡಾಕ್ಟರಿಗೆ ನೆನಪಾಗುವುದು ಅಡಿಕೆ ಮೂಟೆಯೇ ಹೊರತು ಸಮುದ್ರವಲ್ಲ.