ಮಗ್ಗಿ ಹೇಳುತ್ತ ದೇವಿಮನೆ ಘಟ್ಟ: ಕಾರವಾರದಿಂದ ಶಿರಸಿಗೆ ನಮ್ಮ ಸ್ಟಾಫ್‌ರೂಮಿನ ಸೈಕಲ್

ಕಳೆದ ದಸರಾ ರಜೆಯಲ್ಲಿ ನಮ್ಮ ಹೈಸ್ಕೂಲಿನ ಏಳು ಜನ ಕಾರವಾರದಿಂದ ಕುಮಟಾ ಮೇಲೆ ಹಾದು, ದೇವಿಮನೆ ಘಟ್ಟ ಹತ್ತಿ, ಒಂದೇ ದಿನದಲ್ಲಿ ಶಿರಸಿ ಮುಟ್ಟಿದೆವು. ಏಳಕ್ಕೆ ಏಳೂ ಜನ. ಯಾರನ್ನೂ ಗಾಡಿಗೆ ಹಾಕಲಿಲ್ಲ. ಇಬ್ಬರಿಗೆ ಐವತ್ತು ದಾಟಿದೆ. ಕನ್ನಡದ ಅಕ್ಕೋರಂತೂ ಕಾಲೇಜು ಬಿಟ್ಟ ಮೇಲೆ ಸೈಕಲ್ಲನ್ನೇ ಮುಟ್ಟಿರಲಿಲ್ಲ. ದೂರ ಸುಮಾರು 130 ಕಿ.ಮೀ. ಬ್ರೆವೆ, ಅಂದರೆ ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ಉದ್ದ ಸವಾರಿ, ಮಾಡುವವರಿಗೆ ಇದು ದೊಡ್ಡದಲ್ಲ, ಗೊತ್ತು. ಆದರೆ ಸಮುದ್ರದ ದಂಡೆಯಿಂದ ಹೊರಟು ಆರುನೂರು ಮೀಟರ್ ಹತ್ತಿರದ ಎತ್ತರದ ಊರಿಗೆ, ಬೇರೆ ಬೇರೆ ವಯಸ್ಸಿನ ಒಂದು ಸ್ಟಾಫ್‌ರೂಮು ಒಟ್ಟಿಗೆ ಹೋಗಿ ಮುಟ್ಟುವುದು ಬೇರೆಯೇ ಕೆಲಸ. ಉಸಿರು ಹದದಲ್ಲಿದೆಯಾ ಅಂತ ನೋಡಲು ನಾವು ತುಳಿಯುತ್ತ ಜೋರಾಗಿ ಮಗ್ಗಿ ಹೇಳುತ್ತೇವೆ. 'ಮಗ್ಗಿ ಹೇಳ್ಕೊಂಡು ಘಟ್ಟ ಹತ್ಲಿಕ್ಕೆ ಆಗ್ತದಾ ಮಾರಾಯ' ಅಂತ ಕೇಳಿದವರು ಬಹಳ ಜನ. ಆಗ್ತದೆ.

ಮೊದಲ ವರ್ಷ ನಾವೂ ಎಲ್ಲರಂತೆ ಫೋನಿನಲ್ಲಿ ಸಿಕ್ಕ ತರಬೇತಿ ಪಟ್ಟಿ ಹಿಡಿದಿದ್ದೆವು. ವಾರಕ್ಕೆ ಎರಡು ದಿನ ಇಂಟರ್ವಲ್ (ಸ್ವಲ್ಪ ಹೊತ್ತು ಜೋರು, ಸ್ವಲ್ಪ ಹೊತ್ತು ನಿಧಾನ), ಒಂದು ದಿನ ಏರು, ಭಾನುವಾರ ಉದ್ದ ಸವಾರಿ. ಕಾರವಾರದ ಪಕ್ಕದ ಬಿಣಗಾ ಏರನ್ನು ಜೀವ ಬಿಟ್ಟು ತುಳಿಯುವುದು, ಇಳಿಯುವುದು, ಮತ್ತೆ ತುಳಿಯುವುದು. ಇಪ್ಪತ್ತೈದು ವರ್ಷದ ಪಿ.ಇ. ಮಾಸ್ತರರಿಗೆ ಅದು ಹಿಡಿಸಿತು. ಉಳಿದವರು ಸೋಮವಾರ ಕ್ಲಾಸಿನಲ್ಲಿ ನಿಂತು ಪಾಠ ಮಾಡಲಾರದೆ ಕುರ್ಚಿ ಎಳೆದುಕೊಂಡರು. ಎರಡು ತಿಂಗಳಲ್ಲಿ ಇಬ್ಬರು ಬಿಟ್ಟೇಬಿಟ್ಟರು. ಆ ಹುರುಪಿನಲ್ಲೇ ಮೇ ತಿಂಗಳಲ್ಲಿ ಒಮ್ಮೆ ಶಿರಸಿಗೆ ಹೊರಟಿದ್ದೆವು. ಅಂಕೋಲಾ ತನಕ ತಾಸಿಗೆ 28ರ ವೇಗ. ಗಟ್ಟಿ ಇದ್ದವರು ಮುಂದೆ, ಉಳಿದವರು ಬಾಲ ಹಿಡಿದುಕೊಂಡು. ಕುಮಟಾ ದಾಟಿ ಕತಗಾಲಕ್ಕೆ ಬರುವಷ್ಟರಲ್ಲಿ ಮೂವರ ತೊಡೆ ಹಿಡಿದುಕೊಂಡಿತ್ತು. ಇಂಗ್ಲಿಷ್ ಮಾಸ್ತರರು ಬಸ್‌ಸ್ಟಾಪಿನ ಕಟ್ಟೆ ಮೇಲೆ ಕಾಲು ಚಾಚಿ ಮಲಗಿದವರು ಏಳಲೇ ಇಲ್ಲ. ಗೂಡ್ಸ್ ರಿಕ್ಷಾದವನು ಕುಮಟಾ ಸ್ಟೇಷನ್‌ಗೆ ಸೈಕಲ್ ಒಯ್ಯಲು ಸಾವಿರದ ಇನ್ನೂರು ತೆಗೆದುಕೊಂಡ.

ಅದಾದ ಮೇಲೆ ಗಣಿತದ ಸರ್ ಎಂಬತ್ತೈದು ಸಾವಿರ ಕೊಟ್ಟು ಹುಬ್ಬಳ್ಳಿಯಿಂದ ಕಾರ್ಬನ್ ಫ್ರೇಮಿನ ಸೈಕಲ್ ತಂದರು. ಎರಡೂವರೆ ಕಿಲೋ ಕಡಿಮೆಯಾಯಿತು. ಘಟ್ಟದಲ್ಲಿ ಅದರಿಂದ ಏನು ಲಾಭ ಅಂತ ಲೆಕ್ಕ ಹಾಕಿ. ಸವಾರ, ಸೈಕಲ್, ನೀರು ಸೇರಿ ತೊಂಬತ್ತು ಕಿಲೋ ಇದ್ದರೆ ನೂರಕ್ಕೆ ಮೂರು ಪಾಲೂ ಇಲ್ಲ. ಒಂದು ತಾಸಿನ ಏರಿನಲ್ಲಿ ಎರಡು ನಿಮಿಷ ಉಳಿದರೆ ಹೆಚ್ಚು. ಆ ಸೈಕಲ್ ಚೆಂದ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನಮ್ಮ ತೊಂದರೆ ಅಲ್ಲಿರಲಿಲ್ಲ. ಉಸಿರು ಮತ್ತು ಗೇರ್, ಎರಡೇ.

ಉಸಿರಿಗೆ ನಾವು ಕಂಡುಕೊಂಡ ದಾರಿಯೇ ಹದಿಮೂರರ ಮಗ್ಗಿ. ನಿಧಾನ ತುಳಿದು ಬುನಾದಿ ಕಟ್ಟಬೇಕು ಅಂತ ಎಲ್ಲರೂ ಹೇಳುತ್ತಾರೆ, ಆದರೆ ನಿಧಾನ ಅಂದರೆ ಎಷ್ಟು? ಎದೆಬಡಿತ ತೋರಿಸುವ ವಾಚ್ ಇದ್ದದ್ದು ಇಬ್ಬರ ಹತ್ತಿರ ಮಾತ್ರ. ಎಲ್ಲರಿಗೂ ವಾಚ್ ಕೊಡಿಸುವಷ್ಟು ದುಡ್ಡು ಎಲ್ಲಿದೆ? ಹಾಗಾಗಿ ಸವಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಜೋರಾಗಿ ಮಗ್ಗಿ ಹೇಳುವುದು ಅಂತ ನಿಯಮ ಮಾಡಿದೆ. ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು. ಹದಿಮೂರೇಳ್ಲ ತೊಂಬತ್ತೊಂದರ ತನಕ ಎರಡೇ ಉಸಿರಿನಲ್ಲಿ ಬಂದರೆ ವೇಗ ಸರಿ. ಅದಕ್ಕೂ ಮೊದಲೇ ಉಸಿರು ಒಡೆದರೆ ಗೇರ್ ಇಳಿಸಬೇಕು, ಪಕ್ಕದವ ಎಷ್ಟೇ ಮುಂದೆ ಹೋದರೂ ಬಿಡಬೇಕು. ಹದಿಮೂರೇ ಯಾಕೆ ಅಂದರೆ ಎರಡರ, ಐದರ ಮಗ್ಗಿ ಬಾಯಿಗೆ ತಾನಾಗಿ ಬರುತ್ತದೆ, ಸುಸ್ತಾದವನೂ ಹೇಳಿಬಿಡುತ್ತಾನೆ. ಹದಿಮೂರಕ್ಕೆ ತಲೆಗೂ ಸ್ವಲ್ಪ ರಕ್ತ ಬೇಕು. ವಾಚ್ ಇದ್ದ ಇಬ್ಬರಲ್ಲಿ ಹೋಲಿಸಿ ನೋಡಿದೆ. 180ರಲ್ಲಿ ವಯಸ್ಸು ಕಳೆದರೆ ಬರುವ ಎದೆಬಡಿತವೇ ನಿಧಾನ ಸವಾರಿಯ ಮಿತಿ ಅಂತ ಕೆಲವರು ಹೇಳುತ್ತಾರೆ; ಅದನ್ನು ದಾಟಿ ಐದಾರು ಆದಾಗ ಮಗ್ಗಿ ಒಡೆಯುತ್ತಿತ್ತು. ಪುಕ್ಕಟೆ ಸಿಗುವ ಅಳತೆಗೆ ಇದಕ್ಕಿಂತ ಜಾಸ್ತಿ ಏನು ಬೇಕು?

ಸೋಮವಾರ, ಬುಧವಾರ, ಗುರುವಾರ ಬೆಳಿಗ್ಗೆ ಐದಕ್ಕೆ ಹೊರಟು ಐವತ್ತು ನಿಮಿಷ. ಶನಿವಾರ ನಮಗೆ ಬೆಳಗಿನ ಶಾಲೆ, ಹಾಗಾಗಿ ಅವತ್ತು ಪೂರ್ತಿ ರಜೆ. ಭಾನುವಾರ ಮೂರರಿಂದ ನಾಲ್ಕು ತಾಸು. ಮೊದಲ ಎರಡು ತಿಂಗಳು ವೇಗ ನೋಡಿದರೆ ಬೇಸರವಾಗುವಂತಿತ್ತು, ಸಪಾಟಿನಲ್ಲಿ 17, 18. ಊರಿನ ಜೋರು ಸವಾರರ ಒಂದು ತಂಡ ನಮ್ಮನ್ನು ದಾಟಿ ಹೋಗುವಾಗ ಮಗ್ಗಿ ಕೇಳಿ ತಿರುಗಿ ನೋಡುತ್ತಿತ್ತು. ಅದೇ ಮಗ್ಗಿ ಒಡೆಯದಂತೆ ಐದನೆಯ ತಿಂಗಳಿಗೆ 23 ಆಯಿತು. ಬಿಟ್ಟು ಹೋಗಿದ್ದ ಇಬ್ಬರಲ್ಲಿ ಒಬ್ಬರು ತಾವಾಗಿ ವಾಪಸ್ ಬಂದರು.

ದಾರಿಯ ಬಗ್ಗೆ ಒಂದು ಮಾತು. ಮೊದಲು ನಮ್ಮದು ಕಾಳಿ ಸೇತುವೆ ದಾಟಿ ಸದಾಶಿವಗಡ, ಮಾಜಾಳಿ, ಗೋವಾ ಗಡಿಯ ದಾರಿ. 2024ರ ಆಗಸ್ಟ್ 7ರ ನಡುರಾತ್ರಿ ಹಳೆ ಸೇತುವೆ ಕುಸಿದು, ಎರಡೂ ಕಡೆಯ ವಾಹನ ಹೊಸ ಸೇತುವೆಗೇ ಬಂದ ಮೇಲೆ ಅದನ್ನು ಬಿಟ್ಟೆವು. ಕಡವಾಡ, ಮಲ್ಲಾಪುರ ಮೇಲೆ ಕದ್ರಾ ಕಡೆ ಹೋಗುವ ರಸ್ತೆ ಹಿಡಿದೆವು. ಈಗ ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಲಾರಿ ಕಡಿಮೆ, ನೆರಳು ಜಾಸ್ತಿ. ಗಾಳಿಯೂ ನಮಗೆ ಅನುಕೂಲ. ಬೆಳಗಿನ ಜಾವ ನೆಲದಿಂದ ಸಮುದ್ರದ ಕಡೆ ಗಾಳಿ ಬೀಸುತ್ತದೆ, ಹಾಗಾಗಿ ಹೋಗುವಾಗ ಎದುರುಗಾಳಿ, ಕಾಲು ಸೋತು ವಾಪಸ್ ಬರುವಾಗ ಬೆನ್ನಿಗೆ ಗಾಳಿ. ಒಂಬತ್ತರ ಒಳಗೆ ಮನೆ ಸೇರಬೇಕು. ಹನ್ನೊಂದರ ಮೇಲೆ ಸಮುದ್ರದ ಗಾಳಿ ಏಳುತ್ತದೆ, ಲೆಕ್ಕವೆಲ್ಲ ತಿರುಗುಮುರುಗಾಗುತ್ತದೆ.

ಇನ್ನು ಗೇರ್. ನಾಲ್ವರ ಸೈಕಲ್ಲಿಗೆ ಪೆಡಲ್ ಹತ್ತಿರ ಮುಂದೆ 50 ಮತ್ತು 34 ಹಲ್ಲಿನ ಎರಡು ಚಕ್ರ, ಹಿಂದೆ ದೊಡ್ಡದು 28 ಹಲ್ಲು. ಘಟ್ಟದಲ್ಲಿ ತಾಸಿಗೆ ಎಂಟು ಕಿ.ಮೀ. ಹೋದರೆ ಪೆಡಲ್ ನಿಮಿಷಕ್ಕೆ ಐವತ್ತೊಂದು ಸುತ್ತು. ಅಷ್ಟು ನಿಧಾನ ತಿರುಗಿಸಿದರೆ ಭಾರವೆಲ್ಲ ಮಂಡಿಗೆ. ಹಿಂದೆ 34 ಹಾಕಿದರೆ ಅದೇ ಎಂಟಕ್ಕೆ ಅರವತ್ತೆರಡು ಸುತ್ತು. ಕುಳಿತೇ ತುಳಿಯಬಹುದು, ಮಗ್ಗಿಯೂ ಬರುತ್ತದೆ. ಎಂಟು ಗೇರಿನ 11-34 ಕ್ಯಾಸೆಟ್‌ಗೆ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಸಾವಿರದ ನಾನೂರರ ಆಸುಪಾಸು, ಚೈನಿಗೆ ಎಂಟುನೂರು. ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಕ್ಲಾರಿಸ್ ಡಿರೇಲರ್ ಉದ್ದ ಪಂಜರದ್ದಾದರೆ 34 ಸುಮ್ನೆ ಕೂರುತ್ತದೆ. ಗಿಡ್ಡ ಪಂಜರದ ಒಂದಕ್ಕೆ ಮಾತ್ರ ಡಿರೇಲರನ್ನೇ ಬದಲಿಸಬೇಕಾಯಿತು, ಇನ್ನೊಂದು ಸಾವಿರದ ಎಂಟುನೂರು ಹೋಯಿತು. 'ಇಷ್ಟು ದೊಡ್ಡ ಹಲ್ಲು ರೋಡ್ ಬೈಕಿಗೆ ಹಾಕ್ತಾರೇನ್ರೀ' ಅಂತ ಅಂಗಡಿಯವರೇ ಮೂಗು ಮುರಿದರು. ಅಕ್ಕೋರ ಹೈಬ್ರಿಡ್‌ಗೆ ಮುಂದೆ ಮೂರು ಚೈನ್‌ರಿಂಗ್ (ಹಲ್ಲುಚಕ್ರ), ಚಿಕ್ಕದು 28 ಹಲ್ಲು. ಅದಕ್ಕೆ ಒಂದು ಪೈಸೆಯೂ ಹಾಕಲಿಲ್ಲ. ಘಟ್ಟದಲ್ಲಿ ಎಲ್ಲರಿಗಿಂತ ಆರಾಮಾಗಿ ಹತ್ತಿದ್ದು ಅದೇ ಸೈಕಲ್ಲು. ಎಂಬತ್ತೈದು ಸಾವಿರದ ಸೈಕಲ್ಲಿನ ಸರ್ ಕೂಡ ಕಡೆಗೆ 34 ಹಾಕಿಸಿಕೊಂಡರು.

ಮಳೆಗಾಲದ ನಾಲ್ಕು ತಿಂಗಳು ನಮ್ಮ ಕಡೆ ರಸ್ತೆಗಿಳಿಯುವ ಮಾತಿಲ್ಲ. ಸೈಕಲ್ ಸಿಕ್ಕಿಸಿ ನಿಂತಲ್ಲೇ ತುಳಿಯುವ ಸೆಕೆಂಡ್‌ಹ್ಯಾಂಡ್ ಟ್ರೇನರ್ ಒಂದನ್ನು ನಾಲ್ಕು ಸಾವಿರಕ್ಕೆ ತಂದು, ಹೆಡ್‌ಮಾಸ್ತರರ ಒಪ್ಪಿಗೆ ಪಡೆದು, ಶಾಲೆಯ ಕ್ರೀಡಾ ಸಾಮಾನಿನ ಕೋಣೆಯಲ್ಲಿ ಇಟ್ಟೆವು. ಶಾಲೆ ಬಿಟ್ಟ ಮೇಲೆ ಸರತಿಯಲ್ಲಿ ಮೂವತ್ತು ಮೂವತ್ತು ನಿಮಿಷ. ಮಗ್ಗಿ ಕೇಳಿ ಹುಡುಗರು ಕಿಟಕಿಗೆ ಬರುತ್ತಿದ್ದರು, ಆಮೇಲೆ ಅವರೇ ಹೇಳಿಕೊಡಲು ಶುರು ಮಾಡಿದರು. ಎಂಟನೆಯ ತರಗತಿಗೆ ಈಗ ಹದಿಮೂರರದು ನೀರು ಕುಡಿದಷ್ಟು ಸಲೀಸು.

ಕರಾವಳಿಯ ಬೆವರಿನ ಬಗ್ಗೆ ನಾನೊಂದು ಪ್ರಯೋಗ ಮಾಡಿದೆ, ವಿಜ್ಞಾನದ ಮಾಸ್ತರ ಅಲ್ವಾ. ಶಾಲೆಯ ಆರೋಗ್ಯ ತಪಾಸಣೆಯ ತೂಕದ ಯಂತ್ರದ ಮೇಲೆ ಸವಾರಿಗೆ ಮೊದಲು ಮತ್ತು ಆಮೇಲೆ ನಿಲ್ಲುವುದು. ಏಪ್ರಿಲ್‌ನಲ್ಲಿ ಒಂದೂವರೆ ತಾಸಿಗೆ ಒಂದು ಕಿಲೋ ಮುನ್ನೂರು ಗ್ರಾಂ ಇಳಿದಿದ್ದೆ, ನಡುವೆ ಕುಡಿದದ್ದು ಮುಕ್ಕಾಲು ಲೀಟರ್. ಅಂದರೆ ಎರಡು ಲೀಟರ್ ಬೆವರು. ಒಂದು ಲೀಟರ್ ಬೆವರಿನಲ್ಲಿ ಒಂದು ಗ್ರಾಂ ಆಸುಪಾಸು ಸೋಡಿಯಂ ಹೋಗುತ್ತದೆ, ಉಪ್ಪಿನ ಲೆಕ್ಕದಲ್ಲಿ ಎರಡೂವರೆ ಗ್ರಾಂ, ಅರ್ಧ ಚಮಚಕ್ಕೆ ಸ್ವಲ್ಪ ಕಡಿಮೆ. ಬರೀ ನೀರು ಕುಡಿದು ಘಟ್ಟಕ್ಕೆ ಹೋದವರ ತೊಡೆ ಹಿಡಿದುಕೊಂಡದ್ದರಲ್ಲಿ ಇದಕ್ಕೂ ಪಾಲು ಇತ್ತು ಅಂತ ನನ್ನ ನಂಬಿಕೆ. ಪೇಟೆಯ ಜೆಲ್ ಒಂದಕ್ಕೆ ನೂರರ ಮೇಲೆ. ಅದರ ಬದಲು ಜೋನಿ ಬೆಲ್ಲವನ್ನು (ನೀರಾದ ಬೆಲ್ಲ) ಸಾಸ್ ಬಾಟಲಿಯಂಥ ಚಿಕ್ಕ ಬಾಟಲಿಗೆ ತುಂಬಿ ಜೇಬಿಗೆ ಹಾಕಿಕೊಂಡೆವು. ನೀರಿನ ಬಾಟಲಿಗೆ ಮುರುಗಲು (ಕೋಕಂ) ರಸ, ಗೋಕರ್ಣದ ಹತ್ತಿರದ ಸಾಣಿಕಟ್ಟಾ ಉಪ್ಪು ಮತ್ತು ಇನ್ನೊಂದು ವಸ್ತು. ಆ ಇನ್ನೊಂದು ಯಾವುದು, ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ. ಒಂದು ಭಾನುವಾರ ನಮ್ಮ ಜೊತೆ ತುಳಿದವರಿಗೆ ಬಾಟಲಿಯೇ ಕೊಡುತ್ತೇನೆ.

ಚೈನಿನ ಮೇಲೂ ಪ್ರಯೋಗ ನಡೆಯಿತು. ಸಮುದ್ರದ ಗಾಳಿಗೆ ಎರಡು ದಿನ ಒರೆಸದೆ ಬಿಟ್ಟರೆ ಚೈನ್ ಕೆಂಪಾಗುತ್ತದೆ. ಹೊಲಿಗೆ ಮಷಿನ್ ಎಣ್ಣೆ ಬೇಗ ಹಾರಿಹೋಗುತ್ತದೆ. ಕೊಬ್ಬರಿ ಎಣ್ಣೆಗೆ ಮರಳು ಅಂಟಿ ಕಪ್ಪು ಹಿಟ್ಟಾಯಿತು. ಕಡೆಗೆ ಹಳೆ ಪಾತ್ರೆಯಲ್ಲಿ ಮೇಣದಬತ್ತಿ ಕರಗಿಸಿ, ಚೆನ್ನಾಗಿ ತೊಳೆದು ಒಣಗಿಸಿದ ಚೈನನ್ನು ಅದ್ದಿದೆ. ಗುಳ್ಳೆ ಬರುವುದು ನಿಲ್ಲುವ ತನಕ ಬಿಡಬೇಕು, ಅಂದರೆ ಮೇಣ ಒಳಗಿನ ಪಿನ್ನಿಗೂ ಇಳಿಯಿತು ಅಂತ. ತೆಗೆದು ನೇತುಹಾಕಿದರೆ ಕೋಲಿನಂತೆ ಸೆಟೆದು ನಿಲ್ಲುತ್ತದೆ, ಒಂದೊಂದೇ ಕೊಂಡಿ ಬಗ್ಗಿಸಿ ಸಡಿಲ ಮಾಡಬೇಕು. ಮುನ್ನೂರು ಕಿ.ಮೀ. ತನಕ ಸದ್ದಿಲ್ಲ, ಕೈಗೆ ಮಸಿ ಇಲ್ಲ. ಮಳೆಗೆ ಮಾತ್ರ ಇದು ನಿಲ್ಲುವುದಿಲ್ಲ.

ಹೋಗುವ ದಿನದ ಗುರಿಯನ್ನು ಬ್ರೆವೆ ಲೆಕ್ಕದಲ್ಲೇ ಇಟ್ಟೆ. 200 ಕಿ.ಮೀ.ಗೆ ಅವರು ಹದಿಮೂರೂವರೆ ತಾಸು ಕೊಡುತ್ತಾರೆ, ನಿಲ್ಲುವುದೂ ಸೇರಿ ತಾಸಿಗೆ ಹದಿನೈದು ಸಾಕು. ನಮಗೆ ಒಂಬತ್ತು ತಾಸು. ನಸುಕಿನ ನಾಲ್ಕೂವರೆಗೆ ಹೊರಟೆವು, ಪ್ರತಿಯೊಬ್ಬರ ಹಿಂದೆ ಎರಡು ಕೆಂಪು ದೀಪ. ಹೆದ್ದಾರಿಯ ಸುರಂಗದೊಳಗೆ ಲಾರಿ ಸದ್ದು ಎಲ್ಲಿಂದ ಬರುತ್ತದೆ ಅಂತ ತಿಳಿಯುವುದಿಲ್ಲ, ಅಲ್ಲಿ ಒಂದೇ ಸಾಲು, ಮಾತಿಲ್ಲ.

ಸಾಲಿನ ಕ್ರಮವೇ ಆ ದಿನದ ಜೀವಾಳ. ಎಲ್ಲರಿಗಿಂತ ನಿಧಾನದವರನ್ನು ಹಿಂದೆ ಇಡಬೇಡಿ. ನಾವು ಅಕ್ಕೋರನ್ನು ಎರಡನೆಯ ಜಾಗದಲ್ಲಿ ಇಟ್ಟೆವು. ಕುಮಟಾ ತನಕ ಆ ಜಾಗ ಅವರದೇ. ಮುಂದಿನವನಿಗೆ ಅವರ ಮಗ್ಗಿ ಕಿವಿಗೆ ಬೀಳುತ್ತಿರಬೇಕು. ಒಡೆದರೆ ಅವನು ತಾಸಿಗೆ ಒಂದು ಕಿ.ಮೀ. ವೇಗ ಇಳಿಸಬೇಕು. ಸಾಲಿನ ಕೊನೆಯಲ್ಲಿ ಇದ್ದರೆ ಮುಂದಿನವರ ಏರಿಳಿತವೆಲ್ಲ ಸೇರಿ ಬಾಲಕ್ಕೆ ಹೊಡೆಯುತ್ತದೆ, ಬಿಟ್ಟುಹೋದದ್ದು ಯಾರಿಗೂ ಗೊತ್ತೂ ಆಗುವುದಿಲ್ಲ. ಗಟ್ಟಿಯವರು ಮೂರು ಕಿಲೋಮೀಟರ್ ಕಲ್ಲು ದಾಟುವ ತನಕ ಎಲ್ಲರ ಮುಂದೆ ಗಾಳಿಗೆ ಎದುರಾಗಿ ತುಳಿದರೆ ಉಳಿದವರು ಒಂದು ಕಲ್ಲು. ಸಪಾಟಿನಲ್ಲಿ ಮುಂದಿನವರ ಚಕ್ರಕ್ಕೆ ಹತ್ತಿರ ಇದ್ದವರಿಗೆ ಕಾಲು ಭಾಗದಷ್ಟು ಶಕ್ತಿ ಉಳಿಯುತ್ತದೆ. ಘಟ್ಟದ ಎಂಟರ ವೇಗದಲ್ಲಿ ಗಾಳಿಯ ಆಸರೆ ಸಿಗುವುದಿಲ್ಲ. ಅದಕ್ಕೇ ಉಳಿಸುವುದನ್ನೆಲ್ಲ ಹೆದ್ದಾರಿಯಲ್ಲೇ ಉಳಿಸಬೇಕು.

ಶಿರೂರಿನಲ್ಲಿ, 2024ರ ಜುಲೈ 16ರಂದು ಗುಡ್ಡ ಕುಸಿದ ಜಾಗದಲ್ಲಿ, ಇಳಿದು ಒಂದು ನಿಮಿಷ ನಿಂತೆವು. ಮಳೆಗಾಲದಲ್ಲಿ ಗುಡ್ಡದ ಬುಡದ ರಸ್ತೆಗೆ ಸೈಕಲ್ ತರುವುದಿಲ್ಲ ಅಂತ ನಾವು ನಿಯಮ ಮಾಡಿಕೊಂಡದ್ದು ಅದರ ನಂತರ.

ಎಂಟೂವರೆಗೆ ಕುಮಟಾ. ಬನ್ಸು, ಬಾಜಿ, ಚಹಾ. ಎರಡಕ್ಕಿಂತ ಜಾಸ್ತಿ ಬನ್ಸು ಯಾರಿಗೂ ಕೊಡಲಿಲ್ಲ. ಕತಗಾಲ ದಾಟಿದ ಮೇಲೆ ಸಾಲು ಬಿಚ್ಚಿದೆವು. ರಸ್ತೆ ಅಗಲ ಮಾಡುವ ಕೆಲಸದಿಂದ ಅಲ್ಲಲ್ಲಿ ಜಲ್ಲಿ ಇತ್ತು. 28 ಮಿ.ಮೀ. ಅಗಲದ ಟೈರಿಗೆ ಗಾಳಿ ನೂರು ಪಿ.ಎಸ್.ಐ. ಬದಲು ಎಪ್ಪತ್ತೈದಕ್ಕೆ ಇಳಿಸಿದ್ದು ಉಪಯೋಗಕ್ಕೆ ಬಂತು, ಒಂದೇ ಪಂಕ್ಚರ್. ಘಟ್ಟದಲ್ಲಿ ಎಲ್ಲಿ ನಿಲ್ಲಬೇಕು ಅಂತ ಮೊದಲೇ ಮೂರು ತಿರುವು ಗುರುತು ಮಾಡಿದ್ದೆ. ಸುಸ್ತಾಗುವ ಮೊದಲೇ ನಿಲ್ಲುವುದು, ಎರಡೇ ನಿಮಿಷ, ಒಂದು ಗುಟುಕು ಜೋನಿ ಬೆಲ್ಲ. ಕಾಡಿನೊಳಗಿಂದ ಮೇಲಿನ ತಿರುವಿನ ಮಗ್ಗಿ ಕೆಳಗಿನ ತಿರುವಿಗೆ ಕೇಳುತ್ತಿತ್ತು. ಪಿ.ಇ. ಮಾಸ್ತರರು ನಡುವೆ ಜೋರು ಮಾಡಿ ಮುಂದೆ ಹೋದರು, ಮೂರನೆಯ ತಿರುವಿನಲ್ಲಿ ಅಕ್ಕೋರೇ ಅವರನ್ನು ದಾಟಿದರು. 'ಅಕ್ಕೋರೆ, ಎಷ್ಟರ ಗೇರ್‌ನಲ್ಲಿದ್ದೀರಿ' ಅಂತ ಕೇಳಿದರೆ, 'ಹದಿಮೂರೊಂಬತ್ಲ ನೂರಾಹದಿನೇಳು' ಅಂದರಂತೆ. ದೇವಿಮನೆ ದೇವಸ್ಥಾನದ ಹತ್ತಿರ ಹನ್ನೆರಡಕ್ಕೆ ಮೊದಲೇ ಎಲ್ಲರೂ ಇದ್ದರು.

ಅಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ಇನ್ನೂ ಮೂವತ್ತು ಕಿ.ಮೀ. ಹತ್ತಿರ ಇದೆ, ಅದೂ ಏರಿಳಿತದ ದಾರಿ. ಹೊಸಬರು ಸೋಲುವುದು ಇಲ್ಲಿಯೇ. ಒಂದು ಬಾಟಲಿ ನೀರು, ಅರ್ಧ ಜೋನಿ ಬೆಲ್ಲ ಇಲ್ಲಿಗೇ ಅಂತ ಎತ್ತಿಟ್ಟುಕೊಂಡಿರಬೇಕು. ಎರಡು ಗಂಟೆಗೆ ಇನ್ನೂ ಕೆಲವು ನಿಮಿಷ ಇರುವಾಗ ಶಿರಸಿ ಮಾರಿಕಾಂಬಾ ದೇವಸ್ಥಾನದ ಮುಂದೆ ಸೈಕಲ್ ನಿಲ್ಲಿಸಿದೆವು.

ವಾಪಸ್ಸಿಗೆ ಕಾರವಾರದಿಂದ ಗಾಡಿ ಕರೆಸಿದರೆ ಏಳು ಸಾವಿರ ಕೇಳುತ್ತಾರೆ. ಶಿರಸಿಗೆ ಸಾಮಾನು ತಂದು ಖಾಲಿ ಮರಳುವ ಪಿಕಪ್ ಹುಡುಕಿದರೆ ಮೂರೂವರೆ ಸಾವಿರಕ್ಕೆ ಆಗುತ್ತದೆ. ಸೈಕಲ್ಲುಗಳ ನಡುವೆ ಗೋಣಿಚೀಲ ಹಾಕಿ, ಡಿರೇಲರ್ ಇರುವ ಬದಿ ಮೇಲೆ ಬರುವಂತೆ ಮಲಗಿಸಬೇಕು. ನಾವು ಬಸ್ಸಿಗೆ ಬಂದೆವು. ಕ್ಯಾಸೆಟ್, ಚೈನ್, ದೀಪ, ಟ್ರೇನರ್ ಪಾಲು, ಬಸ್ಸು, ಪಿಕಪ್ ಎಲ್ಲ ಸೇರಿ ತಲೆಗೆ ಐದೂವರೆ ಸಾವಿರದ ಆಸುಪಾಸು ಬಿತ್ತು. ಮುಂದಿನ ರಜೆಗೆ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ ಅಂತ ಅಕ್ಕೋರೇ ಬೋರ್ಡಿನ ಮೇಲೆ ಬರೆದಿಟ್ಟಿದ್ದಾರೆ. ಅಲ್ಲಿ ಲಾರಿ ಜಾಸ್ತಿ, ಹಾಗಾಗಿ ಇನ್ನೊಂದು ತಾಸು ಮೊದಲೇ ಹೊರಡುವ ಲೆಕ್ಕ ನಡೆದಿದೆ.