ರಾಯಚೂರಿನ ಬಯಲಲ್ಲಿ ರಿಮೋಟ್ ಗ್ಲೈಡರ್ ಹಾರಿಸೋದು ಕಲಿಯಬೇಕಾ? ಹೀಗೆ ಶುರು ಮಾಡಿ

ಮೊದಲು ಹೇಳೋದು ಒಂದೇ. ಈಗಲೇ ಏನೂ ಕೊಳ್ಳಬೇಡಿ. ಆನ್‌ಲೈನ್‌ನಲ್ಲಿ ಚಂದ ಕಂಡ ವಿಮಾನ ತರಿಸಿಕೊಂಡು, ಆಮೇಲೆ ಕಲಿಸುವವರು ಯಾರಿದ್ದಾರೆ ಅಂತ ಹುಡುಕುವವರೇ ಜಾಸ್ತಿ. ನೀವು ಉಲ್ಟಾ ಮಾಡಿ. ನಮ್ಮ ಕಡೆ ಕ್ಲಬ್ ಅಂದರೆ ರಜೆ ದಿನ ಬೆಳಗ್ಗೆ ಬಯಲಿಗೆ ಬರುವ ನಾಲ್ಕಾರು ಜನ, ಅಷ್ಟೇ. ಒಂದೆರಡು ವಾರ ಸುಮ್ನೆ ಹೋಗಿ ನಿಂತು ನೋಡಿ. ಕೆಳಗೆ ಬಿದ್ದ ಗ್ಲೈಡರ್ ತರಲು ನೀವೇ ನಡೆದು ಹೋಗಿ. ಅವರು ಯಾವ ರೇಡಿಯೋ, ಅಂದರೆ ರಿಮೋಟ್, ಬಳಸುತ್ತಾರೆ ಅಂತ ಕೇಳಿ ಅದನ್ನೇ ತಗೊಳ್ಳಿ. ಯಾಕಂದರೆ ಅವರ ರಿಮೋಟ್‌ಗೂ ನಿಮ್ಮದಕ್ಕೂ ಹೊಂದಾಣಿಕೆ ಇದ್ದರೆ ಎರಡನ್ನೂ ಜೋಡಿಸಬಹುದು. ಕಲಿಸುವವರ ಕೈಯಲ್ಲಿ ಒಂದು ಸ್ವಿಚ್ ಇರುತ್ತದೆ, ಅದನ್ನು ಒತ್ತಿದಾಗ ನೀವು ಹಾರಿಸುತ್ತೀರಿ, ಬಿಟ್ಟರೆ ವಿಮಾನ ಅವರ ಕೈಗೆ ವಾಪಸ್. ಇದಕ್ಕೆ ಬಡ್ಡಿ ಬಾಕ್ಸ್ ಅಂತಾರೆ. ಇದಿಲ್ಲದೆ ಕಲಿಯೋದು ದುಬಾರಿ.

ಮೊದಲ ಗ್ಲೈಡರ್ ಹೇಗಿರಬೇಕು? ಇ.ಪಿ.ಓ. ಫೋಮ್‌ನದು, ರೆಕ್ಕೆ ಒಂದೂವರೆಯಿಂದ ಎರಡು ಮೀಟರ್, ಮೂತಿಯಲ್ಲಿ ಮೋಟರ್, ನಿಯಂತ್ರಣಕ್ಕೆ ರಡ್ಡರ್ (ಎಡಬಲ ತಿರುಗಿಸುವ ಬಾಲದ ಪಟ್ಟಿ) ಮತ್ತು ಎಲಿವೇಟರ್ (ಮೂತಿ ಏರಿಸಿ ಇಳಿಸುವ ಬಾಲದ ಪಟ್ಟಿ) ಮಾತ್ರ. ರೆಕ್ಕೆಯ ತುದಿಗಳು ಮೇಲಕ್ಕೆ ಬಾಗಿರಬೇಕು. ಆ ಬಾಗುವಿಕೆಯಿಂದಲೇ ಅದು ಓರೆಯಾದರೂ ತಾನಾಗಿ ನೇರಕ್ಕೆ ಬರುತ್ತದೆ. ಐಲೆರಾನ್ (ವಿಮಾನವನ್ನು ಓರೆ ಮಾಡುವ, ರೆಕ್ಕೆಯ ಹಿಂದಂಚಿನ ಪಟ್ಟಿ) ಇರುವ ಚೂಪು ರೆಕ್ಕೆಯದು ಆಮೇಲೆ ನೋಡಿಕೊಳ್ಳೋಣ. ರಬ್ಬರ್ ಹಗ್ಗದಿಂದ ಎಳೆದು ಬಿಡುವ ಬಂಜಿ ಕೂಡ ಎರಡನೇ ಹಂತಕ್ಕಿರಲಿ.

ಜಾಗ ಮತ್ತು ಕಾಲ ನಮ್ಮ ಜಿಲ್ಲೆಯಲ್ಲಿ ಬಹಳ ಮುಖ್ಯ. ಸಿಂಧನೂರು, ಮಾನ್ವಿ ಕಡೆ ಕಾಲುವೆ ನೀರಿನ ಭತ್ತದ ಗದ್ದೆ ಬೇಡವೇ ಬೇಡ, ಬಿದ್ದರೆ ಕೆಸರು, ಎಲೆಕ್ಟ್ರಾನಿಕ್ಸ್ ಹಾಳು. ಹತ್ತಿ ಬಿಡಿಸಿದ ಹೊಲದಲ್ಲಿ ಒಣ ಕಡ್ಡಿಗಳು ನಿಂತಿರುತ್ತವೆ, ಫೋಮ್ ಒಳಗೆ ಚುಚ್ಚಿ ಹೊರಬರುತ್ತವೆ. ಬೀಳು ಬಿಟ್ಟ ಹುಲ್ಲುಗಾವಲು, ಇಲ್ಲವೇ ಹರಗಿದ ಎರೆ ಹೊಲ ಒಳ್ಳೆಯದು. ಹೊಲದವರನ್ನು ಕೇಳಿಯೇ ಇಳಿಯಿರಿ, ಬಿತ್ತಿದ ಮೇಲೆ ಕಾಲಿಡಬೇಡಿ. ಶಕ್ತಿನಗರದಿಂದ ಹೊರಟ ದೊಡ್ಡ ಕರೆಂಟ್ ಲೈನ್‌ಗಳು ಸುತ್ತಮುತ್ತ ಹಾದು ಹೋಗುತ್ತವೆ, ಅವುಗಳಿಂದ ದೂರ ಇರಿ. ಡ್ರೋನ್ ನಿಯಮ 2021 ಮಾಡೆಲ್ ವಿಮಾನಗಳಿಗೂ ಅನ್ವಯಿಸುತ್ತದೆ. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆ ತೆರೆದು ನಿಮ್ಮ ಬಯಲು ಹಸಿರು ವಲಯದಲ್ಲಿ, ಅಂದರೆ ಹಾರಿಸಲು ಮೊದಲೇ ಅನುಮತಿ ಬೇಡದ ಜಾಗದಲ್ಲಿ, ಇದೆಯಾ ನೋಡಿ. ಅಲ್ಲಿ ಮಿತಿ 400 ಅಡಿ, ಅಂದರೆ 120 ಮೀಟರ್. ವಿಮಾನ ಸದಾ ಕಣ್ಣಿಗೆ ಕಾಣುತ್ತಿರಬೇಕು.

ಕಲಿಯಲು ನವೆಂಬರ್‌ನಿಂದ ಫೆಬ್ರವರಿವರೆಗಿನ ಬೆಳಗಿನ ಹೊತ್ತು ಬಂಗಾರದಂಥದ್ದು. ತಂಪು ಹೊತ್ತು, ಮೆಲ್ಲನೆ ಬರುವ ಮೂಡಣ ಗಾಳಿ. ಜೂನ್ ಬಂತು ಅಂದರೆ ಪಡುವಣ ಗಾಳಿ ಜೋರಾಗುತ್ತದೆ, ಹೊಸಬರ ಹಗುರ ಗ್ಲೈಡರ್ ಮುಂದೆ ಹೋಗುವ ಬದಲು ಹಿಂದಕ್ಕೇ ಜಾರಬಹುದು. ಬೇಸಿಗೆ ಮಧ್ಯಾಹ್ನ ಬೇಡ. ಆ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಫೋಮ್ ರೆಕ್ಕೆ ಸೊಟ್ಟಗಾಗುತ್ತದೆ, ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಉಬ್ಬಿ ಬೆಂಕಿ ಹಿಡಿಯುವ ಭಯವೂ ಇದೆ. ದಯವಿಟ್ಟು ಬ್ಯಾಟರಿ ಕಾರಿನಲ್ಲಿ ಬಿಡಬೇಡಿ.

ಹಾರಿಸುವ ಮೊದಲು ತೂಕದ ಮಧ್ಯ ನೋಡಿ. ರೆಕ್ಕೆಯ ಮುಂದಿನ ಅಂಚಿನಿಂದ ಸುಮಾರು ಮೂರನೇ ಒಂದು ಭಾಗ ಹಿಂದೆ, ಎರಡು ಬೆರಳ ಮೇಲೆ ಇಟ್ಟರೆ ಸಮ ನಿಲ್ಲಬೇಕು. ಪಕ್ಕಾ ಜಾಗ ಅದರ ಕೈಪಿಡಿಯಲ್ಲಿ ಇರುತ್ತದೆ. ಬಾಲ ಭಾರವಾದರೆ ಹಿಡಿತಕ್ಕೇ ಸಿಗುವುದಿಲ್ಲ. ಬ್ಯಾಟರಿ ಹಿಂದೆ ಮುಂದೆ ಸರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ರಿಮೋಟ್ ಮೊದಲು ಆನ್, ಆಮೇಲೆ ವಿಮಾನದ ಬ್ಯಾಟರಿ. ಮುಗಿಸುವಾಗ ಇದರ ಉಲ್ಟಾ. ಬ್ಯಾಟರಿ ಜೋಡಿಸಿದ ಕ್ಷಣದಿಂದ ಪ್ರೊಪೆಲ್ಲರ್ ತಿರುಗುತ್ತಿದೆ ಅಂತಲೇ ತಿಳಿದು ಬೆರಳು ದೂರ ಇಡಿ. ಮೋಟರ್ ಇಲ್ಲದೆ, ಮೂತಿ ಮಟ್ಟಸವಾಗಿಟ್ಟು, ಗಾಳಿಗೆ ಎದುರಾಗಿ ನೇರ ಎಸೆದು ನೋಡಿ. ಮೂತಿ ಎತ್ತಿ ಎತ್ತಿ ಕುಸಿದರೆ ಬಾಲ ಭಾರ ಅಥವಾ ಎಲಿವೇಟರ್ ಜಾಸ್ತಿ ಮೇಲಿದೆ. ನೇರ ನೆಲಕ್ಕೆ ಹೋದರೆ ಮೂತಿ ಭಾರ.

ಈಗ ನಿಜವಾದ ಕಲಿಕೆ. ಕಲಿಸುವವರು ಎತ್ತರಕ್ಕೆ ಒಯ್ದು ನಿಮಗೆ ಕೊಡುತ್ತಾರೆ. ಆಗ ಮಾಡಬೇಕಾದ ಮೊದಲ ಕೆಲಸ ಏನೂ ಮಾಡದಿರುವುದು. ರಿಮೋಟ್‌ನ ಸ್ಟಿಕ್ ಬಿಡಿ. ಗ್ಲೈಡರ್ ತಾನೇ ಹಾರುತ್ತದೆ, ಅದಕ್ಕಾಗಿಯೇ ಅದನ್ನು ಕಟ್ಟಿರುವುದು. ಹೊಸಬರ ಕೈಯಲ್ಲಿ ವಿಮಾನ ಬೀಳುವುದು ಕಮ್ಮಿ ಮಾಡಿದ್ದಕ್ಕಲ್ಲ, ಜಾಸ್ತಿ ಮಾಡಿದ್ದಕ್ಕೆ. ತಿರುಗಿಸಲು ರಡ್ಡರ್ ಸ್ವಲ್ಪ ಒತ್ತಿ, ಮೂತಿ ಇಳಿಯುತ್ತಿದೆ ಅನಿಸಿದರೆ ಎಲಿವೇಟರ್ ಒಂದು ಚೂರು ಮೇಲೆ, ಆಮೇಲೆ ಮತ್ತೆ ಬಿಡಿ. ವಿಮಾನ ನಿಮ್ಮ ಕಡೆಗೇ ಬರುವಾಗ ಎಡ ಬಲ ಅದಲು ಬದಲಾಗಿ ಕಾಣುತ್ತದಲ್ವಾ, ಆಗ ಯಾವ ರೆಕ್ಕೆ ಕೆಳಗೆ ಬಾಗಿದೆಯೋ ಆ ಕಡೆಗೇ ಸ್ಟಿಕ್ ತಳ್ಳಿ, ರೆಕ್ಕೆ ಎದ್ದು ಬರುತ್ತದೆ. ಯಾವಾಗಲೂ ವಿಮಾನ ನಿಮ್ಮಿಂದ ಗಾಳಿ ಬರುವ ಕಡೆಗೇ ಇರುವಂತೆ ಹಾರಿಸಿ. ನಿಮ್ಮ ಹಿಂದೆ ಹೋಗಲು ಬಿಟ್ಟರೆ ವಾಪಸ್ ಬರುವಷ್ಟು ಎತ್ತರ ಉಳಿದಿರುವುದಿಲ್ಲ. ಗಾಳಿಯ ಜೊತೆ ಹೋಗುವಾಗ ನೆಲದ ಮೇಲೆ ಓಟ ಜೋರಾಗಿ ಕಾಣುತ್ತದೆ, ಹೆದರಿ ಎಲಿವೇಟರ್ ಎಳೆಯುತ್ತಾರೆ, ಗಾಳಿಯಲ್ಲಿ ಅದರ ವೇಗ ಕಳೆದು ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆಗೆ ಎತ್ತಿ ಹಿಡಿಯಲಾಗದೆ ವಿಮಾನ ಕುಸಿಯುತ್ತದೆ. ಸ್ಟಾಲ್ ಆದರೆ ಮತ್ತೆ ಎಳೆಯಬೇಡಿ, ಸ್ಟಿಕ್ ಬಿಡಿ, ಮೂತಿ ಕುಸಿದು ವೇಗ ಬಂದ ಮೇಲೆ ಮೆಲ್ಲಗೆ ಎತ್ತಿ. ಇದನ್ನು ಎತ್ತರದಲ್ಲೇ ಬೇಕಂತಲೇ ಮಾಡಿಸಿ ಅಭ್ಯಾಸ ಮಾಡಿ.

ಇಳಿಸುವಾಗ ಗಾಳಿಗೆ ಎದುರಾಗಿ, ರೆಕ್ಕೆ ಮಟ್ಟಸವಾಗಿ. ಜೋರಾಗಿ "ಲ್ಯಾಂಡಿಂಗ್" ಅಂತ ಕೂಗಿ, ಬೇರೆಯವರು ಸರಿಯಲಿ. ಕಾಲ ಬುಡಕ್ಕೇ ತರುವ ಆಸೆಯಲ್ಲಿ ಮೂತಿ ಎಳೆದೆಳೆದು ಇಳಿಸಬೇಡಿ. ದೂರ ಇಳಿದರೆ ನಡೆದು ಹೋಗಿ ತಂದರಾಯಿತು.

ಒಬ್ಬರೇ ಇಳಿಸುವಷ್ಟಾದ ಮೇಲೆ ಥರ್ಮಲ್, ಅಂದರೆ ಮೇಲೇಳುವ ಬಿಸಿ ಗಾಳಿ, ಹುಡುಕಿ. ಎರೆ ಮಣ್ಣು ಕಪ್ಪು, ಬಿಸಿಲಿಗೆ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಬಿಸಿಯಾಗಿ ಮೇಲೇಳುತ್ತದೆ. ರೆಕ್ಕೆ ಬಡಿಯದೆ ಸುತ್ತುತ್ತಾ ಏರುವ ಹದ್ದು, ಹೊಲದಲ್ಲಿ ಎದ್ದ ಸಣ್ಣ ಧೂಳಿನ ಸುಳಿ, ಇದ್ದಕ್ಕಿದ್ದಂತೆ ದಿಕ್ಕು ಬದಲಿಸಿದ ಗಾಳಿ, ಇವೆಲ್ಲ ಗುರುತು. ಒಂದು ರೆಕ್ಕೆ ತಾನಾಗಿ ಎದ್ದರೆ ಆ ಕಡೆಗೇ ತಿರುಗಿಸಿ, ಸುತ್ತು ಹಾಕಿ, ಗಾಳಿ ಒಯ್ದಂತೆ ಸುತ್ತನ್ನೂ ಸ್ವಲ್ಪ ಸ್ವಲ್ಪ ಸರಿಸಿ. ಏರುತ್ತಲೇ ಹೋಗಿ 120 ಮೀಟರ್ ಹತ್ತಿರ ಬಂದರೆ, ಅಥವಾ ಚುಕ್ಕಿಯಷ್ಟಾಗಿ ಯಾವ ಕಡೆ ತಿರುಗಿದೆ ಅಂತ ಗೊತ್ತಾಗದಿದ್ದರೆ, ಗಾಬರಿಯಲ್ಲಿ ನೇರ ಕೆಳಗೆ ಡೈವ್ ಹೊಡೆಸಬೇಡಿ. ಆ ವೇಗಕ್ಕೆ ರೆಕ್ಕೆ ಅದುರಿ ಮುರಿಯುತ್ತದೆ. ಸುತ್ತು ಬಿಟ್ಟು ಗಾಳಿಗೆ ಎದುರಾಗಿ ನೇರ ಹೊರಗೆ ಬನ್ನಿ, ಥರ್ಮಲ್ ಪಕ್ಕದಲ್ಲಿ ಗಾಳಿ ಕೆಳಗಿಳಿಯುತ್ತಿರುತ್ತದೆ, ಅಲ್ಲಿ ಗ್ಲೈಡರ್ ತಾನಾಗಿಯೇ ಬೇಗ ಇಳಿಯುತ್ತದೆ.