ತಪ್ಪಿಸಿಕೊಂಡ ನಾಯಿ ಸಿಕ್ಕರೆ ನಾನು ಚಿಪ್ ಹುಡುಕುವುದು ಹೀಗೆ

ಮೈಯೊಳಗೆ, ಚರ್ಮದ ಕೆಳಗೆ, ಗುರುತಿನ ನಂಬರ್ ಇರುವ ಚಿಪ್ ಇದ್ದೂ ಮನೆ ಸೇರದ ನಾಯಿಗಳಿವೆ. ಭುಜದ ಮೇಲೆ ಒಂದು ಸಲ ಚಿಪ್ ಓದುವ ಸ್ಕ್ಯಾನರ್ ಆಡಿಸುತ್ತಾರೆ, ಬೀಪ್ ಬರಲಿಲ್ಲ ಅಂತ 'ಚಿಪ್ ಇಲ್ಲ' ಎಂದು ಬರೆದುಬಿಡುತ್ತಾರೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ. ತಪ್ಪಿಸಿಕೊಂಡ ನಾಯಿಗಳನ್ನು ಮನೆ ಸೇರಿಸುವ ಕೆಲಸದಲ್ಲಿ ಬಹಳ ಕಾಲದಿಂದ ಇದ್ದೇನೆ, ಹಾಗಾಗಿ 'ಇಲ್ಲ' ಅನ್ನುವ ಮೊದಲು ಏನೇನು ಮಾಡುತ್ತೇನೆ ಅಂತ ಬರೆಯುತ್ತಿದ್ದೇನೆ.

ಚಿಪ್ ಅಂದರೆ ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡ ಗಾಜಿನ ಕೊಳವೆ. ಸುಮಾರು 12 ಮಿಲಿಮೀಟರ್ ಉದ್ದ, 2 ಮಿಲಿಮೀಟರ್ ದಪ್ಪ. ಒಳಗೆ ಬ್ಯಾಟರಿ ಇಲ್ಲ, ಜಿಪಿಎಸ್ಸೂ ಇಲ್ಲ. ಸ್ಕ್ಯಾನರ್ ಹತ್ತಿರ ಬಂದಾಗ ಅದರ ರೇಡಿಯೋ ಅಲೆಯಿಂದಲೇ ಶಕ್ತಿ ಪಡೆದು ತನ್ನ ನಂಬರ್ ಹೇಳುತ್ತದೆ, ಅಷ್ಟೇ. ಮೊಬೈಲ್‌ನಲ್ಲಿ ಓದಬಹುದಾ ಅಂತ ಬಹಳ ಜನ ಕೇಳುತ್ತಾರೆ. ಆಗಲ್ಲ. ಫೋನಿನ ಎನ್‌ಎಫ್‌ಸಿ (ಹತ್ತಿರ ಹಿಡಿದರೆ ಚಿಪ್ ಓದುವ ವ್ಯವಸ್ಥೆ) ಕೆಲಸ ಮಾಡುವುದು 13.56 ಮೆಗಾಹರ್ಟ್ಸ್‌ನಲ್ಲಿ, ಈಗಿನ ನಾಯಿ ಚಿಪ್‌ಗಳು 134.2 ಕಿಲೋಹರ್ಟ್ಸ್‌ನಲ್ಲಿ. ಕೈಯಲ್ಲಿ ಒತ್ತಿ ನೋಡುವುದನ್ನೂ ನಂಬುವ ಹಾಗಿಲ್ಲ. ಸ್ಕ್ಯಾನರ್ ಇರುವ ಪಶುವೈದ್ಯರ ಹತ್ತಿರಕ್ಕೋ ಪ್ರಾಣಿಗಳ ಆಶ್ರಯಕೇಂದ್ರಕ್ಕೋ ಕರೆದುಕೊಂಡು ಹೋಗಲೇಬೇಕು.

ಸ್ಕ್ಯಾನ್ ಮಾಡುವ ಮೊದಲು ನಾಯಿ ಸ್ವಲ್ಪ ಶಾಂತವಾಗಲಿ. ಹೆದರಿದ ನಾಯಿ ಮೈ ಕೊಡವುತ್ತದೆ, ಆಗ ಓದುವುದು ಕಷ್ಟ. ಲೋಹದ ಬಕಲ್ ಇರುವ ಪಟ್ಟಿ ಬಿಚ್ಚುತ್ತೇನೆ. ಸ್ಟೀಲ್ ಮೇಜಿನ ಮೇಲೆ ನಿಲ್ಲಿಸುವುದಿಲ್ಲ, ಪಕ್ಕದಲ್ಲಿ ಕಂಪ್ಯೂಟರ್ ಇದ್ದರೆ ದೂರ ಸರಿಯುತ್ತೇನೆ, ಯಾಕೆಂದರೆ ಇವೆಲ್ಲ ಸಿಗ್ನಲ್‌ಗೆ ಅಡ್ಡಿ ಮಾಡುತ್ತವೆ. ಸ್ಕ್ಯಾನರ್‌ನ ಬ್ಯಾಟರಿ ತುಂಬಿದೆಯಾ ಅಂತಲೂ ನೋಡಿಕೊಳ್ಳುತ್ತೇನೆ.

ಆಮೇಲೆ ನಿಧಾನ. ಎಷ್ಟು ನಿಧಾನ ಅಂದರೆ ನೋಡುವವರಿಗೆ ಬೇಸರವಾಗಬೇಕು! ಬಟನ್ ಒತ್ತಿ ಹಿಡಿದು, ಸ್ಕ್ಯಾನರ್ ಕೂದಲಿಗೆ ತಾಗುವ ಹಾಗೆ, ಎರಡು ಭುಜದ ಮೂಳೆಗಳ ನಡುವೆ ಶುರು ಮಾಡಿ, ಹಾವಿನ ಹರಿದಾಟದಂತೆ ಅತ್ತ ಇತ್ತ ಬಳಸುತ್ತ ಹೋಗುತ್ತೇನೆ. ಒಮ್ಮೆ ಅಡ್ಡ, ಇನ್ನೊಮ್ಮೆ ಉದ್ದ. ಜತೆಗೆ ಸ್ಕ್ಯಾನರನ್ನೂ ಸ್ವಲ್ಪ ತಿರುಗಿಸುತ್ತೇನೆ, ಯಾಕೆಂದರೆ ಚಿಪ್ ಯಾವ ದಿಕ್ಕಿಗೆ ಮಲಗಿದೆ ಅನ್ನುವುದರ ಮೇಲೆ ಅದು ಓದಲು ಸಿಗುವುದು ನಿಂತಿದೆ. ದಪ್ಪ ಕೂದಲಿನ ಅಥವಾ ದಪ್ಪ ಮೈಯ ನಾಯಿಯಾದರೆ ಸ್ವಲ್ಪ ಒತ್ತಿ ಹಿಡಿಯಬೇಕು.

ಭುಜದ ಹತ್ತಿರ ಸಿಗದಿದ್ದರೆ ಹುಡುಕಾಟ ಮುಗಿಯಿತು ಅಂದುಕೊಳ್ಳಬಾರದು. ಹಾಕಿದ ಚಿಪ್ ಚರ್ಮದ ಕೆಳಗೆ ಜಾರಿ ಬೇರೆ ಕಡೆ ಹೋಗುವುದುಂಟು. ಕೆಲವು ದೇಶಗಳಲ್ಲಿ ಕತ್ತಿನ ಎಡಭಾಗಕ್ಕೇ ಹಾಕುತ್ತಾರೆ. ಅದಕ್ಕೇ ಕತ್ತಿನ ಎರಡೂ ಪಕ್ಕ, ಎದೆ, ಮುಂಗಾಲು ಮೊಣಕೈವರೆಗೆ, ಪಕ್ಕೆಗಳು, ಆಮೇಲೆ ಬೆನ್ನುದ್ದಕ್ಕೂ ಬಾಲದವರೆಗೆ ನೋಡುತ್ತೇನೆ. ಭುಜದಲ್ಲಿ ಏನೂ ಸಿಗದ ಒಂದು ಹೆಣ್ಣು ನಾಯಿಗೆ ಮುಂಗಾಲಿನ ಮೊಣಕೈ ಹತ್ತಿರ ಬೀಪ್ ಬಂತು. ಒಂದು ನಂಬರ್ ಸಿಕ್ಕ ಮೇಲೂ ಮೈಯೆಲ್ಲ ಪೂರ್ತಿ ಮಾಡಿ. ಎರಡು ಚಿಪ್ ಇರುವ ನಾಯಿಗಳೂ ಇರುತ್ತವೆ.

ಇನ್ನೊಂದು ಮಾತು. ಹಳೆಯ ಚಿಪ್‌ಗಳಲ್ಲಿ 125 ಅಥವಾ 128 ಕಿಲೋಹರ್ಟ್ಸ್‌ನವೂ ಇವೆ, ಅವುಗಳ ನಂಬರ್ 9 ಅಥವಾ 10 ಅಕ್ಷರದ್ದು. ಎಲ್ಲ ಸ್ಕ್ಯಾನರ್ ಇವನ್ನು ಓದುವುದಿಲ್ಲ. ಸಾಧ್ಯವಾದರೆ ಎಲ್ಲ ಬಗೆಯನ್ನೂ ಓದುವ ಸ್ಕ್ಯಾನರ್ ಇದೆಯಾ ಅಂತ ಕೇಳಿ.

ಈಗಿನ ಚಿಪ್‌ನ ನಂಬರ್ 15 ಅಂಕಿ. ಪರದೆಯ ಫೋಟೋ ತೆಗೆದುಕೊಳ್ಳಿ, ಸುಮ್ನೆ ನೆನಪಿನಲ್ಲಿ ಇಟ್ಟುಕೊಳ್ಳಬೇಡಿ. ಬರೆದುಕೊಂಡ ಮೇಲೆ ಒಬ್ಬರು ಓದಿ ಇನ್ನೊಬ್ಬರು ನೋಡಲಿ. ಮೊದಲ ಮೂರು ಅಂಕಿ ದೇಶದ ಕೋಡ್ ಆಗಿರುತ್ತದೆ, ಇಲ್ಲವೇ 9ರಿಂದ ಶುರುವಾಗಿದ್ದರೆ ತಯಾರಕರ ಕೋಡ್. ಎಲ್ಲಿ ವಿಚಾರಿಸಬೇಕು ಅನ್ನುವುದಕ್ಕೆ ಅದೇ ಮೊದಲ ಸುಳಿವು.

ಚಿಪ್‌ನಲ್ಲಿ ಹೆಸರು, ಫೋನ್ ಏನೂ ಇರುವುದಿಲ್ಲ. ಅವು ಇರುವುದು ನೋಂದಣಿ ಪಟ್ಟಿಯಲ್ಲಿ, ಅದೂ ಮಾಲೀಕರು ನೋಂದಾಯಿಸಿದ್ದರೆ ಮಾತ್ರ. ಫೋನ್ ನಂಬರ್ ಹಳೆಯದಾಗಿದ್ದರೆ ನಾನು ಎರಡನೇ ಸಂಪರ್ಕ ಇದೆಯಾ ಅಂತ ಕೇಳುತ್ತೇನೆ. ಯಾರ ಹೆಸರಿಗೂ ನೋಂದಣಿಯೇ ಆಗಿಲ್ಲದಿದ್ದರೆ ಆ ಚಿಪ್ಪನ್ನು ಯಾವ ಕ್ಲಿನಿಕ್‌ಗೆ ಮಾರಿದ್ದು ಅಂತ ತಯಾರಕರನ್ನು ವಿಚಾರಿಸುತ್ತೇನೆ. ಕ್ಲಿನಿಕ್‌ನ ಹಳೆಯ ಪುಸ್ತಕದಲ್ಲಿ ಹೆಸರು ಸಿಕ್ಕಿ ನಾಯಿ ಮನೆ ಸೇರಿದ್ದನ್ನು ನಾನೇ ನೋಡಿದ್ದೇನೆ. ನಂಬರ್ ಮಾತ್ರ ಎಲ್ಲೂ ಬಹಿರಂಗವಾಗಿ ಹಾಕಬೇಡಿ. 'ಇದು ನಮ್ಮ ನಾಯಿ' ಅಂತ ಬಂದವರು ತಮ್ಮ ಕಾಗದ ನೋಡಿ ಆ ನಂಬರ್ ಅವರೇ ಹೇಳಲಿ, ಅಲ್ವಾ?

ಇಷ್ಟಾದರೂ ಏನೂ ಸಿಗದಿದ್ದರೆ ಮಾರನೇ ದಿನ, ನಾಯಿ ಉಂಡು ಮಲಗಿ ಸುಧಾರಿಸಿಕೊಂಡ ಮೇಲೆ, ಬೇರೆ ಸ್ಕ್ಯಾನರ್ ಹಿಡಿದು ಬೇರೆ ಯಾರಾದರೂ ಮತ್ತೆ ಮೊದಲಿಂದ ನೋಡಲಿ. ನಾನು 'ಚಿಪ್ ಇಲ್ಲ' ಅಂತ ಬರೆಯುವುದು ಆಮೇಲೆ.